ವಿಂಡೋಸ್ 10 ಆದ ಮೇಲೆ ಏನು? ಮನೆಯ ಕಂಪ್ಯೂಟರಿಗೂ ಶಾಲೆಯ ಲ್ಯಾಬಿಗೂ ಒಂದೇ ಉತ್ತರ ಇಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ಮರುದಿನ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದವರಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅದೇ ಸ್ಕ್ರೀನು, ಅದೇ ಫೈಲು, ಅದೇ ಪ್ರಿಂಟರು. ಗೊಂದಲ ಶುರುವಾಗುವುದೇ ಇಲ್ಲಿಂದ. ಅಂಗಡಿಯವರು ಹೊಸ ಕಂಪ್ಯೂಟರ್ ತಗೊಳ್ಳಿ ಅನ್ನುತ್ತಾರೆ. ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಡ್ತೀನಿ ಅನ್ನುತ್ತಾನೆ. ಇನ್ನೊಬ್ಬರು ಸುಮ್ನೆ ಇರಿ, ಏನೂ ಆಗಲ್ಲ ಅನ್ನುತ್ತಾರೆ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಯಾರ ಮಾತು ಎಲ್ಲಿ ಸರಿ ಎಂದು ತಿಳಿಯಬೇಕಾದರೆ ಆ ಕಂಪ್ಯೂಟರಿನಲ್ಲಿ ದಿನಾ ಯಾವ ಕೆಲಸ ನಡೆಯುತ್ತದೆ ಎಂದು ಮೊದಲು ನೋಡಬೇಕು.

ನಿಂತಿದ್ದು ಯಾವುದು

ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ. ಅಲ್ಲಿಂದ ಹತ್ತು ವರ್ಷ, ಪ್ರತಿ ತಿಂಗಳ ಎರಡನೇ ಮಂಗಳವಾರ ಅದಕ್ಕೆ ಸುರಕ್ಷತೆಯ ಅಪ್‌ಡೇಟ್ ಬರುತ್ತಿತ್ತು. ಈಗ ನಿಂತಿರುವುದು ಈ ಉಚಿತ ಅಪ್‌ಡೇಟ್. ಕಂಪ್ಯೂಟರ್ ನಿಲ್ಲುವುದಿಲ್ಲ, ಲೈಸೆನ್ಸ್ ರದ್ದಾಗುವುದಿಲ್ಲ, ಫೈಲುಗಳು ಎಲ್ಲೂ ಹೋಗುವುದಿಲ್ಲ.

ಹಾಗಿದ್ದರೆ ಅಪಾಯ ಎಲ್ಲಿ? ವಿಂಡೋಸ್ 10 ಮತ್ತು 11ರ ಒಳಗಿನ ಬಹಳಷ್ಟು ಕೋಡ್ ಒಂದೇ. 11ರಲ್ಲಿ ಒಂದು ದೋಷ ಸಿಕ್ಕಿತು, ಮೈಕ್ರೋಸಾಫ್ಟ್ ಅದನ್ನು ಸರಿಮಾಡಿ ಅಪ್‌ಡೇಟ್ ಬಿಟ್ಟಿತು ಅಂದುಕೊಳ್ಳಿ. ಹ್ಯಾಕರ್‌ಗಳು ಅಪ್‌ಡೇಟಿನ ಹಿಂದಿನ ಮತ್ತು ಮುಂದಿನ ಫೈಲುಗಳನ್ನು ಹೋಲಿಸಿ ನೋಡುತ್ತಾರೆ. ಏನು ಬದಲಾಗಿದೆಯೋ ಅಲ್ಲೇ ದೋಷ ಇತ್ತು ಎಂದು ಗೊತ್ತಾಗುತ್ತದೆ. ಅದೇ ದೋಷ ಅಪ್‌ಡೇಟ್ ಸಿಗದ 10ರಲ್ಲಿ ಹಾಗೇ ಉಳಿದಿರುತ್ತದೆ. ಅಂದರೆ ಹೊಸದಕ್ಕೆ ಹಾಕುವ ಪ್ರತಿ ತೇಪೆಯೂ ಹಳೆಯದರ ತೂತು ಎಲ್ಲಿದೆ ಎಂದು ತೋರಿಸಿಕೊಡುತ್ತದೆ. ತಿಂಗಳು ಕಳೆದಂತೆ ಅಪಾಯ ಹೆಚ್ಚುವುದು ಇದರಿಂದಲೇ.

ಅಪ್‌ಡೇಟ್ ಇಲ್ಲದ ಯಂತ್ರಗಳಿಗೆ ಏನಾಗಬಹುದು ಎಂದು 2017ರ ಮೇ ತಿಂಗಳಲ್ಲಿ ವನ್ನಾಕ್ರೈ ದಾಳಿ ತೋರಿಸಿತು. ಅದು ಬಳಸಿದ ದೋಷಕ್ಕೆ ಎರಡು ತಿಂಗಳ ಮೊದಲೇ ತೇಪೆ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕಂಪ್ಯೂಟರ್‌ಗಳು ಲಾಕ್ ಆಗಿ ರೋಗಿಗಳ ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ಶಾಲೆಯ ಲ್ಯಾಬಿಗೆ ಇದರಲ್ಲಿ ಒಂದು ಪಾಠ ಇದೆ: ವನ್ನಾಕ್ರೈ ಹರಡಲು ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಒಂದು ಕಂಪ್ಯೂಟರಿಗೆ ಬಂದರೆ ಅದೇ ನೆಟ್‌ವರ್ಕಿನ ಉಳಿದವುಗಳಿಗೆ ತಾನಾಗಿ ದಾಟುತ್ತಿತ್ತು.

ಇನ್ನೊಂದು ತೊಂದರೆ ನಿಧಾನವಾಗಿ ಬರುತ್ತದೆ. ವಿಂಡೋಸ್ 7ಕ್ಕೆ ಸಪೋರ್ಟ್ ನಿಂತಿದ್ದು 2020ರ ಜನವರಿಯಲ್ಲಿ. ಕ್ರೋಮ್ ಬ್ರೌಸರ್ ಅದನ್ನು ಕೈಬಿಟ್ಟಿದ್ದು 2023ರ ಫೆಬ್ರವರಿಯಲ್ಲಿ. ಬ್ರೌಸರ್ ಹಳೆಯದಾದರೆ ಬ್ಯಾಂಕಿನ ತಾಣ, ಸರ್ಕಾರಿ ಪೋರ್ಟಲ್ ಒಂದೊಂದಾಗಿ ತಕರಾರು ಮಾಡಲು ಶುರು ಮಾಡುತ್ತವೆ. ವಿಂಡೋಸ್ 10ಕ್ಕೂ ಇದೇ ಗತಿ. ಯಾವಾಗ ಅನ್ನೋದಷ್ಟೇ ಪ್ರಶ್ನೆ. ಅಂದಹಾಗೆ, ಆಫೀಸ್ 2016 ಮತ್ತು 2019ರ ಸಪೋರ್ಟ್ ಕೂಡ ಅದೇ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಸಿಕ್ಕಿರುವ ಗಡುವು

ಮನೆಯಲ್ಲಿ ಬಳಸುವವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ವಿಸ್ತರಣೆ ಘೋಷಿಸಿತು. 2026ರ ಅಕ್ಟೋಬರ್ 13ರ ವರೆಗೆ ಸುರಕ್ಷತೆಯ ಅಪ್‌ಡೇಟ್ ಮಾತ್ರ ಬರುತ್ತದೆ, ಹೊಸ ಸೌಲಭ್ಯ ಏನೂ ಇಲ್ಲ. ಇದನ್ನು ಪಡೆಯಲು ಮೂರು ದಾರಿ: 30 ಡಾಲರ್ ಅಥವಾ ಅದಕ್ಕೆ ಸಮನಾದ ಹಣ, ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1,000 ಪಾಯಿಂಟ್, ಇಲ್ಲವೇ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ಗೆ ಬ್ಯಾಕಪ್ ಮಾಡುವುದು. ಮೂರನೆಯದು ಉಚಿತ ಅನ್ನಿಸುತ್ತದೆ. ಆದರೆ ಅದಕ್ಕೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿರಬೇಕು. ಯುರೋಪಿನಲ್ಲಿ ಗ್ರಾಹಕರ ಪರವಾಗಿ ದನಿ ಎದ್ದ ಮೇಲೆ ಅಲ್ಲಿನವರಿಗೆ ಬ್ಯಾಕಪ್‌ನ ಷರತ್ತು ಬಿಟ್ಟರು. ನಮಗೆ ಬಿಟ್ಟಿಲ್ಲ.

ಶಾಲೆಗಳ ಲೆಕ್ಕ ಬೇರೆ. ಶಿಕ್ಷಣ ಸಂಸ್ಥೆಗಳ ಲೈಸೆನ್ಸ್ ಮೂಲಕ ಕೊಂಡರೆ ಒಂದು ಯಂತ್ರಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4 ಡಾಲರ್ ಎಂದು ಕಂಪನಿ ಪ್ರಕಟಿಸಿತ್ತು. ವ್ಯಾಪಾರಿ ಸಂಸ್ಥೆಗಳಿಗೆ ಮೊದಲ ವರ್ಷಕ್ಕೇ 61 ಡಾಲರ್. ಶಾಲೆಗೆ ಸಿಕ್ಕ ದರ ನಿಜಕ್ಕೂ ಅಗ್ಗ. ತೊಡಕು ಇರುವುದು ಬೇರೆ ಕಡೆ. ಅಧಿಕೃತ ಲೈಸೆನ್ಸೇ ಇಲ್ಲದೆ, ಅಂಗಡಿಯವರು ‘ಆಕ್ಟಿವೇಟ್’ ಮಾಡಿಕೊಟ್ಟ ವಿಂಡೋಸಿನಲ್ಲಿ ಲ್ಯಾಬ್ ನಡೆಸುತ್ತಿರುವ ಶಾಲೆ ಈ ಸಾಲಿನಲ್ಲಿ ನಿಲ್ಲುವುದು ಹೇಗೆ?

‘ನಿಮ್ಮ ಪಿಸಿ ಹೊಂದುವುದಿಲ್ಲ’ ಎಂದರೆ

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಬೇಕು. ಸೆಕ್ಯೂರ್ ಬೂಟ್ ಎಂದರೆ ಕಂಪ್ಯೂಟರ್ ಶುರುವಾಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಓಡುವಂತೆ ನೋಡಿಕೊಳ್ಳುವ ವ್ಯವಸ್ಥೆ. ಟಿಪಿಎಂ ಎಂದರೆ ಪಾಸ್‌ವರ್ಡಿಗೆ, ಡಿಸ್ಕಿನ ಬೀಗಕ್ಕೆ ಸಂಬಂಧಿಸಿದ ಕೀಲಿಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವ ಚಿಪ್. ಇದರ ಜೊತೆಗೆ ಪ್ರೊಸೆಸರ್‌ಗಳದ್ದೂ ಒಂದು ಪಟ್ಟಿ ಇದೆ. ಇಂಟೆಲ್ ಆದರೆ ಸುಮಾರಾಗಿ ಎಂಟನೇ ಪೀಳಿಗೆಯಿಂದ ಮುಂದಿನವು, ಅಂದರೆ 2017-18ರಿಂದ ಈಚೆಗೆ ಬಂದವು.

ಇಲ್ಲಿ ಎರಡು ಕಾರಣಗಳನ್ನು ಬೇರೆ ಬೇರೆ ನೋಡಬೇಕು. ಟಿಪಿಎಂ ಇಲ್ಲ ಎಂದು ತೋರಿಸುವ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಇರುತ್ತದೆ, ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್‌ನಲ್ಲಿ, ಆಫ್ ಆಗಿರುತ್ತದೆ ಅಷ್ಟೇ. ಐದು ನಿಮಿಷದ ಕೆಲಸ. ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ ಅಧಿಕೃತ ದಾರಿ ಮುಚ್ಚಿದಂತೆ. ಮೈಕ್ರೋಸಾಫ್ಟಿನ ‘ಪಿಸಿ ಹೆಲ್ತ್ ಚೆಕ್’ ಉಚಿತ. ನಿಮ್ಮ ಯಂತ್ರಕ್ಕೆ ಯಾವುದು ಅಡ್ಡಿ ಎಂದು ಅದು ಹೇಳುತ್ತದೆ. ಅದನ್ನು ಓಡಿಸಿ ನೋಡದೆ ಹೊಸ ಕಂಪ್ಯೂಟರಿಗೆ ಮುಂಗಡ ಕೊಡುವುದು ದಡ್ಡತನ.

ಷರತ್ತು ತಪ್ಪಿಸಿ ವಿಂಡೋಸ್ 11 ಹಾಕಿಕೊಡುವವರೂ ಇದ್ದಾರೆ. ಆಗುತ್ತದೆ. ಆದರೆ ಇಂಥ ಯಂತ್ರಗಳಿಗೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಎಂದು ಕಂಪನಿ ಸ್ಪಷ್ಟವಾಗಿ ಹೇಳಿದೆ. ಅಪ್‌ಡೇಟಿಗಾಗಿಯೇ ಅಲ್ವಾ ಇಷ್ಟೆಲ್ಲ ಮಾಡುತ್ತಿರುವುದು?

ಎರಡು ವಾದ

ಮೈಕ್ರೋಸಾಫ್ಟ್ ಹೇಳುವುದು ಇಷ್ಟು: ಹತ್ತು ವರ್ಷ ಸಾಕಷ್ಟು ಉದ್ದ. ಇವತ್ತಿನ ದಾಳಿಗಳು ವಿಂಡೋಸ್ ಲೋಡ್ ಆಗುವ ಮೊದಲೇ ಯಂತ್ರದೊಳಗೆ ಸೇರುತ್ತವೆ, ಹಾಗಾಗಿ ಹಾರ್ಡ್‌ವೇರಿನಲ್ಲೇ ರಕ್ಷಣೆ ಬೇಕು. ಇದು ಸುಳ್ಳಲ್ಲ.

ವಿರೋಧಿಸುವವರ ಲೆಕ್ಕ ಬೇರೆ. ವಿಂಡೋಸ್ 10 ಬಂದಿದ್ದು 2015ರಲ್ಲಿ ಇರಬಹುದು, ಆದರೆ ಏಳನೇ ಪೀಳಿಗೆಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪನ್ನು 2018ರಲ್ಲಿ ಕೊಂಡವರಿಗೆ ಸಿಕ್ಕಿದ್ದು ಹತ್ತು ವರ್ಷ ಅಲ್ಲ, ಏಳು. ಕ್ಯಾನಲಿಸ್ ಎಂಬ ಸಂಸ್ಥೆ 2023ರ ಕೊನೆಯಲ್ಲಿ ಅಂದಾಜು ಮಾಡಿದಂತೆ ಈ ಷರತ್ತುಗಳಿಂದ ಸುಮಾರು 24 ಕೋಟಿ ಪಿಸಿಗಳು ಕಸಕ್ಕೆ ಸೇರಬಹುದು. ಈ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ನಮ್ಮಲ್ಲಿ ಹಳೆ ಕಂಪ್ಯೂಟರ್ ನೇರ ಗುಜರಿಗೆ ಹೋಗುವುದು ಕಡಿಮೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಕೊನೆಗೆ ದಾನದ ಹೆಸರಲ್ಲಿ ಹಳ್ಳಿ ಶಾಲೆಗೆ ಬಂದು ಸೇರುತ್ತದೆ. ಅಂದರೆ ಅಪ್‌ಡೇಟ್ ಇಲ್ಲದ ಯಂತ್ರಗಳು ಹೆಚ್ಚಾಗಿ ಬಂದು ಸೇರುವುದು ಅವನ್ನು ನೋಡಿಕೊಳ್ಳಲು ಜನವೇ ಇಲ್ಲದ ಜಾಗಕ್ಕೆ.

ಲಿನಕ್ಸಿಗೆ ಹೋದರೆ ಕನ್ನಡದ ಫೈಲುಗಳ ಗತಿ

ಯಂತ್ರದ ಮಟ್ಟಿಗೆ ಹೇಳುವುದಾದರೆ ಲಿನಕ್ಸ್ ಒಳ್ಳೆಯ ಉತ್ತರ. ಲಿನಕ್ಸಿನ ಒಂದು ಬಗೆಯಾದ ಉಬುಂಟು 24.04 ಮತ್ತು ಅದರ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 22, ಎರಡಕ್ಕೂ 2029ರ ವರೆಗೆ ಉಚಿತ ಅಪ್‌ಡೇಟ್ ಇದೆ. 4 ಜಿಬಿ ರ್ಯಾಮ್ ಇರುವ ಹಳೆ ಕಂಪ್ಯೂಟರಿನಲ್ಲಿ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಾಮಾಗಿ ಓಡುತ್ತದೆ. ಪೆನ್‌ಡ್ರೈವಿಂದಲೇ ಶುರು ಮಾಡಿ, ಏನನ್ನೂ ಅಳಿಸದೆ, ವೈಫೈ ಬರುತ್ತಾ, ಸೌಂಡ್ ಬರುತ್ತಾ ಎಂದು ನೋಡಬಹುದು. ಬ್ರೌಸರಿನಲ್ಲಿ ನಡೆಯುವ ಕೆಲಸಕ್ಕೆ ಯಾವ ತೊಂದರೆಯೂ ಇಲ್ಲ. ಮಕ್ಕಳ ಮತ್ತು ಶಾಲೆಯ ಮಾಹಿತಿ ತುಂಬಲು ಶಿಕ್ಷಕರು ದಿನಾ ತೆರೆಯುವ ಸ್ಯಾಟ್ಸ್, ಯುಡೈಸ್ ಎರಡೂ ವೆಬ್ ಪೋರ್ಟಲ್‌ಗಳೇ.

ಲಿನಕ್ಸ್ ಅಭಿಮಾನಿಗಳು ಅಷ್ಟಾಗಿ ಹೇಳದ ಮಾತು ಇನ್ನು ಮುಂದಿನದು.

ಕರ್ನಾಟಕದ ಕಚೇರಿ, ಶಾಲೆ, ಡಿಟಿಪಿ ಅಂಗಡಿಗಳಲ್ಲಿ ಎಷ್ಟೋ ವರ್ಷಗಳ ಕೆಲಸ ನುಡಿ ಮತ್ತು ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಇದೆ. ಪ್ರಶ್ನೆಪತ್ರಿಕೆ, ಸುತ್ತೋಲೆ, ಘಟಕ ಪರೀಕ್ಷೆ, ಶಾಲಾ ಸ್ಮರಣ ಸಂಚಿಕೆ ಎಲ್ಲವೂ. ಈ ಫೈಲುಗಳೊಳಗೆ ಇರುವುದು ನಿಜವಾಗಿ ಇಂಗ್ಲಿಷ್ ಚಿಹ್ನೆಗಳು. ಫಾಂಟ್ ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ. ಲಿನಕ್ಸಿನಲ್ಲೂ ಆ ಫಾಂಟ್ ಹಾಕಿದರೆ ವರ್ಡ್‌ನಂಥ ಉಚಿತ ಸಾಫ್ಟ್‌ವೇರ್ ಲಿಬ್ರೆಆಫೀಸ್ ಅವನ್ನು ತೋರಿಸುತ್ತದೆ. ತಿದ್ದುವುದು ಕಷ್ಟ, ಯಾಕೆಂದರೆ ಆ ಹಳೆ ಅಕ್ಷರಗಳನ್ನು ಮೂಡಿಸುವ ಕೀಬೋರ್ಡ್ ಸಾಫ್ಟ್‌ವೇರ್ ವಿಂಡೋಸಿಗೆಂದೇ ಬರೆದದ್ದು.

ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಯೂನಿಕೋಡಿಗೆ ಬದಲಿಸುವ ಉಚಿತ ಸಾಧನಗಳಿವೆ. ಬದಲಿಸಿದ ಮೇಲೆ ಓದಿ ನೋಡಲೇಬೇಕು. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಇಂಥ ಕಡೆ ಎಡವಟ್ಟು ಆಗುತ್ತದೆ. ಮಧ್ಯೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡವಾಗಲು ಹೋಗಿ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಇದರ ಫಲ ಏನೆಂದು ಹೇಳಬೇಕಿಲ್ಲ.

ಹೊಸದಾಗಿ ಟೈಪ್ ಮಾಡುವವರಿಗೆ ಈ ತಲೆನೋವು ಇಲ್ಲ. ಲಿನಕ್ಸಿನಲ್ಲಿ ಟೈಪಿಂಗ್ ನೋಡಿಕೊಳ್ಳುವ ಐಬಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ವಿನ್ಯಾಸ ಇದೆ, ನುಡಿ ಬಳಸುವವರಿಗೆ ಕೈಗೆ ಕೂತಿರುವ ಕೆಜಿಪಿ ವಿನ್ಯಾಸವೂ ಇದೆ. ಹಾಗಾಗಿ ಟೈಪಿಸ್ಟ್ ಬೆರಳು ಮತ್ತೆ ಪಳಗಿಸಬೇಕಿಲ್ಲ. ಪೇಜ್‌ಮೇಕರ್ ನಂಬಿಕೊಂಡ ಡಿಟಿಪಿ ಅಂಗಡಿಯವರ ಮಾತು ಬೇರೆ. ಅಡೋಬಿ ಅದರ ಕೊನೆಯ ಆವೃತ್ತಿ 7.0 ಬಿಟ್ಟಿದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಅವರು ಸದ್ಯಕ್ಕೆ ವಿಂಡೋಸ್ ಬಿಡುವ ಹಾಗಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರದ್ದೂ ಇದೇ ಕಥೆ.

ಪ್ರಿಂಟರನ್ನು ಮರೆಯಬಾರದು. ನಮ್ಮ ಕಚೇರಿಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಮನೆಮಾತಾಗಿರುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನಲ್ಲಿ ಹಟ ಮಾಡುವುದಕ್ಕೆ ಹೆಸರುವಾಸಿ. ಎಚ್‌ಪಿಯ ಬಹುತೇಕ ಮಾದರಿಗಳು ಸಲೀಸಾಗಿ ಕೆಲಸ ಮಾಡುತ್ತವೆ. ಸಂಬಳದ ಬಿಲ್ಲಿಗೆ ಡಿಜಿಟಲ್ ಸಹಿಯ ಡಾಂಗಲ್ ಹಾಕುವ ಕಂಪ್ಯೂಟರ್ ಇದ್ದರೆ, ಅದನ್ನು ಮುಟ್ಟುವ ಮೊದಲು ಎರಡು ಸಲ ಯೋಚಿಸಿ.

ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಕೂಡ ಉಚಿತ, ಹಳೆ ಯಂತ್ರದಲ್ಲಿ ಓಡುತ್ತದೆ. ನೆಟ್ ಇಲ್ಲದಾಗ ಅದರಲ್ಲಿ ಮಾಡಲು ಹೆಚ್ಚೇನೂ ಇಲ್ಲ. ಆಂಡ್ರಾಯ್ಡ್ ಆ್ಯಪ್‌ಗಳೂ ಅದರಲ್ಲಿ ಓಡುವುದಿಲ್ಲ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ, ನೆಟ್ ಮೊಬೈಲಿನ ಹಾಟ್‌ಸ್ಪಾಟಿಂದ ಬರುವ ಊರಿಗೆ ಇದು ಹೊಂದುವುದಿಲ್ಲ.

ಕೇರಳದಲ್ಲಿ ಆಗಿದ್ದು, ಮ್ಯೂನಿಕ್‌ನಲ್ಲಿ ಆಗದ್ದು

‘ಶಾಲೆಗಳಲ್ಲಿ ಲಿನಕ್ಸ್ ಸಾಧ್ಯವೇ’ ಎಂದು ಕೇಳುವವರಿಗೆ ಪಕ್ಕದ ಕೇರಳವೇ ಉತ್ತರ. ಅಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಮುಂದೆ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಅವರು ಉಬುಂಟುವನ್ನು ಶಾಲೆಗೆ ಬೇಕಾದ ಹಾಗೆ ಹೊಂದಿಸಿ, ಪಾಠದ ಸಾಫ್ಟ್‌ವೇರ್ ತುಂಬಿ ಹಂಚಿದರು. 2019ರ ಆವೃತ್ತಿ ಬಂದಾಗ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಇದು ಹೋಗುತ್ತದೆ, ಇದರಿಂದ 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಕೈಟ್ ಹೇಳಿತು. ಉಳಿತಾಯದ ಅಂಕಿ ಉಬ್ಬಿಸಿದ್ದು ಅನ್ನಿಸುತ್ತದೆ. ಒಂದು ಯಂತ್ರಕ್ಕೆ 1.5 ಲಕ್ಷ ರೂಪಾಯಿಯ ಸಾಫ್ಟ್‌ವೇರ್ ಕೊಳ್ಳಬೇಕಾಗಿತ್ತು ಎಂದು ಇಟ್ಟುಕೊಂಡ ಲೆಕ್ಕ ಅದು. ಯಾವ ಸರ್ಕಾರ ಅಷ್ಟು ಕೊಟ್ಟು ಕೊಳ್ಳುತ್ತದೆ? ಆದರೆ ಯಂತ್ರಗಳ ಸಂಖ್ಯೆ ನಿಜ, ಅವು ದಿನಾ ಬಳಕೆಯಲ್ಲಿರುವುದೂ ನಿಜ.

ಜರ್ಮನಿಯ ಮ್ಯೂನಿಕ್ ನಗರಾಡಳಿತ ಇದಕ್ಕೆ ಉಲ್ಟಾ ಉದಾಹರಣೆ. 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿತು. ಸುಮಾರು 15,000 ಕಂಪ್ಯೂಟರ್ ಬದಲಿಸಿ 2013ರಲ್ಲಿ ಕೆಲಸ ಮುಗಿಸಿತು. 2017ರಲ್ಲಿ ವಾಪಸ್ ವಿಂಡೋಸಿಗೆ ಎಂದು ಮತ ಹಾಕಿತು.

ಸಾಫ್ಟ್‌ವೇರ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಜಾತಿಯದು. ಸುತ್ತಲಿನ ವ್ಯವಸ್ಥೆ ಬೇರೆ. ಕೇರಳದಲ್ಲಿ ಐಟಿ ಪಠ್ಯಪುಸ್ತಕ ಅದೇ ಸಾಫ್ಟ್‌ವೇರ್ ಮೇಲೆ, ಶಿಕ್ಷಕರ ತರಬೇತಿ ಅದರಲ್ಲೇ, ಹತ್ತನೇ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ. ಏನಾದರೂ ಕೈಕೊಟ್ಟರೆ ಕೇಳಲು ಜಿಲ್ಲೆಯಲ್ಲಿ ಮಾಸ್ಟರ್ ಟ್ರೈನರ್ ಇರುತ್ತಾರೆ. ಮ್ಯೂನಿಕ್‌ನ ನೌಕರರು ದಿನಾ ಕಾಗದಪತ್ರ ಹಂಚಿಕೊಳ್ಳುತ್ತಿದ್ದ ಹೊರಗಿನ ಕಚೇರಿಗಳೆಲ್ಲ ವರ್ಡ್ ಬಳಸುತ್ತಿದ್ದವು. ಪ್ರತಿ ಫೈಲಿಗೂ ಜಗ್ಗಾಟ. ಮೇಲಿನ ರಾಜಕೀಯ ಬದಲಾದಾಗ ಈ ಬೇಸರವೇ ಸಾಕಾಯಿತು.

ಕರ್ನಾಟಕಕ್ಕೂ ಇದು ಹೊಸದಲ್ಲ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲೆ ಶಿಕ್ಷಕರು ಉಬುಂಟು ಬಳಸಿದ್ದಾರೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ತಾಣ ಬೆಳೆದಿದ್ದು ಆ ಕೆಲಸದಿಂದಲೇ. ಆದರೆ ತರಬೇತಿಯಲ್ಲಿ ಉಬುಂಟು ಕಲಿತವರು ವಾಪಸ್ ಬಂದು ಕೂರುವುದು ನುಡಿ ಇರುವ ವಿಂಡೋಸ್ ಮುಂದೆ ಆದರೆ ಕಲಿತದ್ದು ಎಷ್ಟು ದಿನ ಉಳಿಯುತ್ತದೆ? ಪಠ್ಯ, ಪರೀಕ್ಷೆ, ಕಚೇರಿ ಈ ಮೂರೂ ಒಟ್ಟಿಗೆ ಹೊರಳದೆ ಲ್ಯಾಬ್ ಒಂದೇ ಹೊರಳುವುದು ಕಷ್ಟ.

ಪಾಠದ ಸಾಫ್ಟ್‌ವೇರ್ ಆರಿಸುವಾಗ

ಆಪರೇಟಿಂಗ್ ಸಿಸ್ಟಮ್ ಬಗ್ಗೆ ಇಷ್ಟು ಚರ್ಚೆ ಆಗುತ್ತದೆ. ತರಗತಿಯಲ್ಲಿ ಬಳಸುವ ಸಾಫ್ಟ್‌ವೇರ್ ಬಗ್ಗೆ ಇದರ ಕಾಲು ಭಾಗವೂ ಆಗುವುದಿಲ್ಲ. ಡೆಮೋ ಚೆನ್ನಾಗಿತ್ತು, ಕೊಂಡೆವು, ಅಷ್ಟೇ. ಡೆಮೋ ಯಾವಾಗಲೂ ಚೆನ್ನಾಗೇ ಇರುತ್ತದೆ.

ಹಿಂದೆ ಏನಾಗಿದೆ ನೋಡಿ. ಎಷ್ಟೋ ಶೈಕ್ಷಣಿಕ ಸಿಡಿಗಳು, ಅನಿಮೇಷನ್ ಪಾಠಗಳು ಅಡೋಬಿಯ ಫ್ಲ್ಯಾಶ್ ಎಂಬ ತಂತ್ರಜ್ಞಾನದಲ್ಲಿ ತಯಾರಾಗಿದ್ದವು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್ ಮುಗಿಸಿತು. 2021ರ ಜನವರಿ 12ರಿಂದ ಅದು ಫ್ಲ್ಯಾಶ್ ಪಾಠಗಳನ್ನು ಓಡಿಸುವುದನ್ನೇ ನಿಲ್ಲಿಸಿತು. ಪಾಠದಲ್ಲಿ ತಪ್ಪಿರಲಿಲ್ಲ, ಓಡಿಸುವ ಯಂತ್ರವೂ ಚೆನ್ನಾಗಿತ್ತು, ಆದರೂ ಹೋಯಿತು. ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಎಂಬ ವಿಜ್ಞಾನದ ಪ್ರಯೋಗಗಳ ಸರಣಿಯಲ್ಲೂ ಜಾವಾ ಮತ್ತು ಫ್ಲ್ಯಾಶ್‌ನ ಕೆಲಸ ತುಂಬಾ ಇತ್ತು. ಅವರು ಮೊದಲೇ ಎಚ್ಚೆತ್ತು ಒಂದೊಂದನ್ನೇ ಸಾಮಾನ್ಯ ಬ್ರೌಸರಿನಲ್ಲಿ ಓಡುವಂತೆ ಹೊಸದಾಗಿ ಬರೆದರು. ಇವತ್ತು ಅವುಗಳಲ್ಲಿ ಹಲವು ಕನ್ನಡದಲ್ಲೂ ಇವೆ. ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದೆಯೂ ಓಡುತ್ತವೆ. ಸರ್ಕಿಟ್ ಪಾಠಕ್ಕೆ ಇದಕ್ಕಿಂತ ಒಳ್ಳೆಯದನ್ನು ದುಡ್ಡು ಕೊಟ್ಟು ಕೊಳ್ಳಬೇಕಾದ ಅಗತ್ಯ ಕಾಣುವುದಿಲ್ಲ.

ಉಚಿತ ಸೇವೆಗಳೂ ಮಾತು ಬದಲಿಸುತ್ತವೆ. ಶಾಲೆ ಕಾಲೇಜುಗಳಿಗೆ ಎಷ್ಟು ಬೇಕಾದರೂ ಜಾಗ ಎಂದಿದ್ದ ಗೂಗಲ್, 2022ರಿಂದ ಇಡೀ ಸಂಸ್ಥೆಗೆ ಸೇರಿ 100 ಟಿಬಿ ಎಂದು ಮಿತಿ ಹಾಕಿತು. ತರಗತಿಯ ಬೋರ್ಡಿನಂತೆ ಬಳಸುತ್ತಿದ್ದ ಜಾಮ್‌ಬೋರ್ಡ್ 2024ರ ಕೊನೆಗೆ ಬಂದ್ ಆಯಿತು.

ಒಡೆತನ ಕೈ ಬದಲಾಗುವುದೂ ಉಂಟು. ಆಸ್ಟ್ರಿಯಾದಲ್ಲಿ 2001ರಲ್ಲಿ ಹುಟ್ಟಿದ ಜಿಯೋಜೀಬ್ರಾ ಗಣಿತ ಶಿಕ್ಷಕರಿಗೆ ಅಚ್ಚುಮೆಚ್ಚು. 2021ರಲ್ಲಿ ಅದನ್ನು ಕೊಂಡಿದ್ದು ಬೆಂಗಳೂರಿನ ಬೈಜೂಸ್. 2024ರಲ್ಲಿ ಬೈಜೂಸ್ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ಜಿಯೋಜೀಬ್ರಾ ಶಿಕ್ಷಕರಿಗೆ ಉಚಿತವಾಗೇ ಉಳಿಯಿತು. ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಿಕೊಳ್ಳುವ ಆವೃತ್ತಿ ಇರುವುದರಿಂದ, ತಾಣಕ್ಕೆ ಏನಾದರೂ ಲ್ಯಾಬಿನಲ್ಲಿ ಇರುವುದನ್ನು ಯಾರೂ ಕಿತ್ತುಕೊಳ್ಳಲಾಗುವುದಿಲ್ಲ.

ಹಾಗಾಗಿ ಹೊಸ ಸಾಫ್ಟ್‌ವೇರ್ ಪರೀಕ್ಷಿಸುವಾಗ ಲ್ಯಾಬಿನ ಅತ್ಯಂತ ಕಳಪೆ ಕಂಪ್ಯೂಟರಿನಲ್ಲಿ ಹಾಕಿ ನೋಡಬೇಕು. ನೆಟ್ ತೆಗೆದು ನೋಡಬೇಕು. ಇಮೇಲ್ ಇಲ್ಲದ ಐದನೇ ಕ್ಲಾಸಿನ ಮಗು ಅದನ್ನು ಶುರು ಮಾಡಬಹುದೇ, ಮಗು ಮಾಡಿದ ಕೆಲಸವನ್ನು ಪೆನ್‌ಡ್ರೈವಿಗೆ ತೆಗೆದು ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯಬಹುದೇ ಎಂದು ನೋಡಬೇಕು. ಕೊನೆಯದರಲ್ಲಿ ಸೋತರೆ ಉಳಿದದ್ದರಲ್ಲಿ ಎಷ್ಟೇ ಚೆನ್ನಾಗಿದ್ದರೂ ಬೇಡ ಅನ್ನುವುದೇ ಸರಿ. ಒಳಗೆ ಹೋಗುವ ದಾರಿ ಅಗ್ಗವಾಗಿದ್ದು ಹೊರಗೆ ಬರುವ ದಾರಿ ಇಲ್ಲದಿದ್ದರೆ, ಮೂರು ವರ್ಷದ ನಂತರ ಕೇಳಿದ ಬೆಲೆ ಕೊಡಬೇಕಾಗುತ್ತದೆ. ಈಗ ಮಾರುಕಟ್ಟೆಯಲ್ಲಿ ಓಡಾಡುತ್ತಿರುವ ‘ಎಐ ಪಿಸಿ’ ಕೂಡ ಇದೇ ಅಳತೆಗೆ ಸಿಗಬೇಕು. ಕೋಪೈಲಟ್+ ಹೆಸರಿನವುಗಳಿಗೆ 16 ಜಿಬಿ ರ್ಯಾಮ್ ಬೇಕು. ಭಿನ್ನರಾಶಿ ಕಲಿಸಲು ಬೇಕಿಲ್ಲ.

ಮಕ್ಕಳ ಮಾಹಿತಿ

ಕೋವಿಡ್ ಕಾಲದಲ್ಲಿ ಸರ್ಕಾರಗಳು ಶಿಫಾರಸು ಮಾಡಿದ ಕಲಿಕಾ ಆ್ಯಪ್‌ಗಳನ್ನು ಹ್ಯೂಮನ್ ರೈಟ್ಸ್ ವಾಚ್ 49 ದೇಶಗಳಲ್ಲಿ ಪರಿಶೀಲಿಸಿತ್ತು. ಹತ್ತರಲ್ಲಿ ಸುಮಾರು ಒಂಬತ್ತು, ಮಕ್ಕಳ ಮಾಹಿತಿಗೆ ಅಪಾಯ ತರುವಂತೆ ನಡೆದುಕೊಂಡಿವೆ ಎಂದು 2022ರಲ್ಲಿ ಹೇಳಿತು. ನಮ್ಮ ಕೇಂದ್ರ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ಕೂಡ ಆ ಪಟ್ಟಿಯಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ನೋಡುತ್ತದೆ, ಪೋಷಕರ ಒಪ್ಪಿಗೆ ಕೇಳುತ್ತದೆ, ಮಕ್ಕಳನ್ನು ಗುರಿಯಿಟ್ಟ ಜಾಹೀರಾತು ಬೇಡ ಅನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಹೆಚ್ಚಿನ ಕಟ್ಟುಪಾಡುಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಶಾಲೆಗಳಿಗೆ ಕೆಲವು ವಿನಾಯಿತಿ ಇದೆ, ಅದು ಪಾಠ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದಷ್ಟಕ್ಕೆ ಮಾತ್ರ. ಮಗುವಿನ ಫೋನ್ ನಂಬರ್ ಕೇಳುವ ಗಣಿತದ ಆ್ಯಪಿಗೆ ಆ ನಂಬರ್ ಯಾಕೆ ಎಂದು ಮುಖ್ಯೋಪಾಧ್ಯಾಯರು ಈಗಲೇ ಕೇಳುವುದು ಒಳ್ಳೆಯದು.

ಯಾವ ಯಂತ್ರಕ್ಕೆ ಯಾವುದು

ಮನೆಯಲ್ಲಿ ಬ್ರೌಸಿಂಗ್, ಮಕ್ಕಳ ಓದು, ವಿಡಿಯೋ ಅಷ್ಟೇ ಇದ್ದು ವಿಂಡೋಸ್ 11 ಹಿಡಿಯದ ಯಂತ್ರವಾದರೆ ಮಿಂಟ್ ಸಾಕು. ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗವಾದ ಎಸ್‌ಎಸ್‌ಡಿ ಹಾಕಿಸಿದರೆ ಹೊಸ ಕಂಪ್ಯೂಟರಿನ ಯೋಚನೆಯೇ ಬರುವುದಿಲ್ಲ. ಟ್ಯಾಲಿ, ಪೇಜ್‌ಮೇಕರ್, ಡಾಂಗಲ್ ಇರುವ ಕಡೆ ವಿಸ್ತರಣೆ ತೆಗೆದುಕೊಂಡು ಗಡುವಿನೊಳಗೆ ಹೊಸ ಯಂತ್ರಕ್ಕೆ ದುಡ್ಡು ಹೊಂದಿಸಬೇಕು.

ಶಾಲೆಯಲ್ಲಿ ಕಚೇರಿಯ ಒಂದು ಕಂಪ್ಯೂಟರ್ ವಿಂಡೋಸಿನಲ್ಲೇ ಇರಲಿ, ಅಧಿಕೃತ ಲೈಸೆನ್ಸಿನೊಂದಿಗೆ. ಹಳೆ ನುಡಿ ಫೈಲುಗಳೂ ಪ್ರಿಂಟರೂ ಅಲ್ಲಿಗೆ. ಲ್ಯಾಬಿನ ಉಳಿದವು ಮಕ್ಕಳಿಗೆ ಇರುವಂಥವು. ಅವುಗಳಿಗೆ ಉಬುಂಟು ಹಾಕಿ, ಜಿಯೋಜೀಬ್ರಾ, ಸ್ಕ್ರ್ಯಾಚ್, ಟಕ್ಸ್ ಪೇಂಟ್, ಸ್ಟೆಲ್ಲೇರಿಯಮ್ ಹಾಗೂ ಡೌನ್‌ಲೋಡ್ ಮಾಡಿದ ಫೆಟ್ ಪ್ರಯೋಗಗಳನ್ನು ತುಂಬಿಸಬಹುದು. ಒಂದೇ ಸಲ ಎಲ್ಲವನ್ನೂ ಬದಲಿಸಬೇಡಿ. ಎರಡು ಯಂತ್ರ ಬದಲಿಸಿ, ಒಂದು ತಿಂಗಳು ಅದರಲ್ಲೇ ಪಾಠ ನಡೆಸಿ, ತಕರಾರುಗಳನ್ನು ಬರೆದಿಡಿ. ಉಳಿದ ಕೆಲಸ ಬೇಸಿಗೆ ರಜೆಗೆ ಇಟ್ಟುಕೊಳ್ಳಿ, ದಸರಾ ರಜೆಗೆ ಬೇಡ. ಅಷ್ಟರಲ್ಲಿ ಅಕ್ಟೋಬರ್ ಬಂದುಬಿಟ್ಟಿರುತ್ತದೆ, ಪರೀಕ್ಷೆಯ ಕೆಲಸವೂ ತಲೆಮೇಲೆ ಇರುತ್ತದೆ. ಇನ್‌ಸ್ಟಾಲ್ ಬಟನ್ ಒತ್ತುವ ಮೊದಲು ಡೆಸ್ಕ್‌ಟಾಪ್ ಮತ್ತು ಡಿ ಡ್ರೈವ್ ಎರಡನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ನುಡಿ ಫಾಂಟುಗಳ ಸಮೇತ.